ಅಂಗಡಿಗೆ ಒಳ್ಳೆ ಮಾರ್ಕ್ಸು, ತೋಟಾ ಮಾತ್ರ ಇಲ್ಲ

ಶಿವಮೊಗ್ಗ ಪೇಟೆಯ ಈ ಕೋವಿ ಅಂಗಡಿ ಚೆನ್ನಾಗಿದೆ. ಅಂಗಡಿಯ ಸಾಹೇಬರು ಒಳ್ಳೆಯ ಮನುಷ್ಯ, ಲೆಕ್ಕ ಚೊಕ್ಕ, ಕೇಳದೇ ಬಿಲ್ಲು ಕೊಡುತ್ತಾರೆ. ನಾನು ಹುಡುಕಿಕೊಂಡು ಹೋಗುವ ಸಾಮಾನು ಒಂದು ಮಾತ್ರ ಅಲ್ಲಿ ಇರುವುದಿಲ್ಲ. ಹನ್ನೆರಡು ಬೋರಿನ ಸಣ್ಣ ಚರೆಯ ತೋಟಾ. ಬೋರು ಅಂದರೆ ನಳಿಗೆಯ ಅಳತೆ, ಚರೆ ಅಂದರೆ ಸೀಸದ ಸಣ್ಣ ಗುಂಡು, ತೋಟಾ ಅಂದರೆ ಮದ್ದೂ ಚರೆಯೂ ತುಂಬಿದ ಕೊಳವೆ. ನಾಲ್ಕು ನಂಬರು, ಅದಿಲ್ಲದಿದ್ದರೆ ಆರು. ಮಲೆನಾಡಿನಲ್ಲಿ ತೋಟಾ ಕೋವಿ ಇಟ್ಟುಕೊಂಡ ತೋಟದವರು ಮೊದಲು ಕೇಳುವುದೇ ಅದನ್ನ.

ಅಂಗಡಿಯ ಹೆಸರು ಬರೆಯುವುದಿಲ್ಲ. ಹೊಗಳಿಕೆ ಜೊತೆಗೆ ಒಂದೆರಡು ದೂರೂ ಇವೆ, ಪಾಪ ಅವರಿಗೆ ಯಾಕೆ ತೊಂದರೆ. ಇಂಥ ಅಂಗಡಿಗಳು ಇರುವುದೇ ಬೆರಳೆಣಿಕೆಯಷ್ಟು. ಲೈಸೆನ್ಸ್ ಇದ್ದವರಿಗೆ ದಾರಿ ಹೇಗೂ ಗೊತ್ತಿರುತ್ತದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಅಡಿಕೆ ತೋಟ, ಚೂರು ಗದ್ದೆ, ಮೂರು ಕಡೆ ಕಾಡು. ಕೋವಿ ಮಾವಯ್ಯನದು, ಜೋಡು ನಳಿಗೆಯದ್ದು. ಅವರಿಗೆ 70 ದಾಟಿದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. 2016ರ ಆಯುಧ ನಿಯಮಗಳಲ್ಲಿ ಅದಕ್ಕೆ ದಾರಿ ಇದೆ. ಲೈಸೆನ್ಸುದಾರರಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಕೋವಿ ಅವರ ಹತ್ತಿರ 25 ವರ್ಷ ಇದ್ದಿದ್ದರೆ, ಮನೆಯ ವಾರಸುದಾರರು ಅರ್ಜಿ ಹಾಕಬಹುದು. ನಮ್ಮ ಮನೆಯವರಿಗೆ ದೀಪಾವಳಿ ಪಟಾಕಿಗೇ ಎದೆ ಡವಡವ ಅನ್ನುತ್ತದೆ. ಹಾಗಾಗಿ ಕೋವಿ ನನ್ನ ಪಾಲಿಗೆ ಬಂತು. ಡಿಸಿ ಕಚೇರಿಯ ಓಡಾಟದ ಕಥೆ ಬೇಡ, ಅದನ್ನು ಬರೆದರೆ ಇನ್ನೊಂದು ಪುರಾಣ ಆಗುತ್ತದೆ.

ಹೆಂಗಸಿಗೆ ಕೋವಿ ಯಾಕೆ ಅಂತ ಪೇಟೆಯ ನೆಂಟರು ಕೇಳುತ್ತಾರೆ. ಮಂಗನ ಕಾಟ ಕಾಣದವರ ಪ್ರಶ್ನೆ ಅದು. ಮಂಗಗಳು ಎಳೆ ಅಡಿಕೆ ಕೀಳುತ್ತವೆ, ಕಚ್ಚುತ್ತವೆ, ಒಳಗಿನ ನೀರು ಹೀರಿ ಬಿಸಾಕುತ್ತವೆ. ತಿನ್ನುವುದಕ್ಕಿಂತ ಉದುರಿಸುವುದೇ ಜಾಸ್ತಿ. ಬೆಳಗ್ಗೆ ಹಿಂಡು ಇಳಿದರೆ ಮಧ್ಯಾಹ್ನದ ಹೊತ್ತಿಗೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ. ಆ ಕಾಯಿ ಯಾವ ಮಂಡಿಗೂ ಹೋಗುವುದಿಲ್ಲ. 2019ರಲ್ಲಿ ನಮ್ಮ ಜಿಲ್ಲೆಯ ರೈತರೊಬ್ಬರು ಸಾಕಿದ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಬಿಟ್ಟಿದ್ದರು. ದೇಶದ ಪೇಪರುಗಳಲ್ಲೆಲ್ಲ ಫೋಟೋ ಬಂತು. ಓದಿದವರು ನಕ್ಕರು. ನಮ್ಮೂರಲ್ಲಿ ಯಾರೂ ನಗಲಿಲ್ಲ, ಯಾವ ಬಣ್ಣ ಹಚ್ಚಿದ್ದಂತೆ ಅಂತ ವಿಚಾರಿಸಿದರು.

ಒಂದು ಮಾತು ಸ್ಪಷ್ಟ ಇರಲಿ. ನಾನು ಮಂಗನಿಗೆ ಗುರಿ ಇಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ತಲೆ ಮೇಲಿದೆ, ಮನಸ್ಸೂ ಬರುವುದಿಲ್ಲ. ಹಂದಿಯ ವಿಷಯವೂ ಅಷ್ಟೇ, ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ನಾನು ಹೊಡೆಯುವುದು ಬೆದರು ಈಡು. ಜನ ಇಲ್ಲದ ಕಡೆ ನೋಡಿ, ಕಾಡಿನ ದಿಕ್ಕಿಗೆ, ಮೇಲಕ್ಕೆ ಒಂದು. ಡಂ ಅಂದ ಕೂಡಲೇ ಹಿಂಡು ಹಳ್ಳ ದಾಟುತ್ತದೆ. ಎರಡು ಮೂರು ದಿನ ನೆಮ್ಮದಿ.

ಶಬ್ದ ಸಾಕು ಅಂದರೆ ಯಾವ ತೋಟಾ ಆದರೇನು ಅಂತ ಅನ್ನಿಸಬಹುದು. ಅಲ್ಲೇ ಇರುವುದು ವಿಷಯ. ತೋಟಾದೊಳಗಿನ ಚರೆಗೆ ನಂಬರು ಇರುತ್ತದೆ. ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು. ಒಂದು ಔನ್ಸ್ ತೂಕಕ್ಕೆ 6 ನಂಬರಿನ ಚರೆ 270 ಹಿಡಿಯುತ್ತವೆ, 4 ನಂಬರಿನವು 170. ಎಲ್‌ಜಿ ಅನ್ನುವ ದಪ್ಪ ಚರೆಯಾದರೆ ಬರೀ ಆರು. ಒಂದೊಂದೂ ಕಡಲೆಕಾಳಿಗಿಂತ ದಪ್ಪ. ಸಣ್ಣ ಚರೆಗೆ ಭಾರ ಇಲ್ಲ, ಗಾಳಿ ಅದನ್ನು ಬೇಗ ತಡೆಯುತ್ತದೆ. 6 ನಂಬರಿನದು ಇನ್ನೂರು ಮೀಟರಿನ ಆಸುಪಾಸಿನಲ್ಲಿ ಕೆಳಗೆ ಬೀಳುತ್ತದೆ. ಎಲ್‌ಜಿ ಅದರ ಮೂರು ಪಟ್ಟು ದೂರ ಹೋಗಬಲ್ಲದು. ನಮ್ಮ ತೋಟದ ಆಚೆ ಪಕ್ಕದವರ ತೋಟ, ಅಲ್ಲಿ ಕೊನೆಗಾರರು ಮರದ ಮೇಲಿರುತ್ತಾರೆ, ಕೆಳಗೆ ಹೆಂಗಸರು ಅಡಿಕೆ ಹೆಕ್ಕುತ್ತಿರುತ್ತಾರೆ. ಶಬ್ದ ಮಾಡುವುದಕ್ಕೆ ನಾನು ಎಲ್‌ಜಿ ಹಾರಿಸಲಾ? ಸಣ್ಣ ಚರೆ ಬೇಕು ಅಂತ ಹಟ ಹಿಡಿಯುವುದು ಇದಕ್ಕೇ.

ಈಗ ಅಂಗಡಿ. ಹೊರಗಿನಿಂದ ನೋಡಿದರೆ ಹಳೆಯ ವಾಚ್ ರಿಪೇರಿ ಅಂಗಡಿ ಅಂದುಕೊಳ್ಳಬೇಕು, ಅಷ್ಟು ಸಣ್ಣದು. ಬಾಗಿಲಿಗೆ ಕಬ್ಬಿಣದ ಜಾಲರಿ, ಒಳಗೆ ಗಾಜಿನ ಬೀರು, ಬೀರುವಿನಲ್ಲಿ ಸರಪಳಿ ಹಾಕಿದ ನಾಲ್ಕಾರು ಕೋವಿಗಳು. ಏರ್‌ಗನ್ನಿನ ಡಬ್ಬಿಗಳು, ನಳಿಗೆ ಉಜ್ಜುವ ಸಲಾಕೆ, ಎಣ್ಣೆ ಬಾಟಲಿ, ಚರ್ಮದ ಚೀಲ. ಗ್ರೀಸಿನ ವಾಸನೆ. ಗಿರಾಕಿಗೆ ಅಂತ ಎರಡು ಕುರ್ಚಿ ಇವೆ, ಒಂದರ ಮೇಲೆ ಯಾವಾಗಲೂ ಬೆಕ್ಕು ಮಲಗಿರುತ್ತದೆ. ಎಬ್ಬಿಸಿದರೆ ಸಾಹೇಬರಿಗೆ ಬೇಜಾರು.

ಮೊದಲ ಸಲ ಹೋದಾಗ ಅವರು ನನ್ನನ್ನು ನೋಡಿ, "ಅಣ್ಣ ಹೊರಗಿದ್ದಾರಾ ಅಮ್ಮಾ?" ಅಂದಿದ್ದರು. ಲೈಸೆನ್ಸ್ ಪುಸ್ತಕ ಮೇಜಿನ ಮೇಲಿಟ್ಟೆ. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಆ ಪ್ರಶ್ನೆ ಬರಲಿಲ್ಲ. ಅಲ್ಲಿಂದಾಚೆ ಅವರು ಕೊಟ್ಟ ಮರ್ಯಾದೆ ಎಷ್ಟೋ ಗೊಬ್ಬರದ ಅಂಗಡಿಗಳಲ್ಲೂ ನನಗೆ ಸಿಕ್ಕಿಲ್ಲ.

ವ್ಯಾಪಾರದ ರೀತಿ ನನಗೆ ಇಷ್ಟ. ಪುಸ್ತಕದಲ್ಲಿ ಯುಐಎನ್ ನಂಬರು ಇದೆಯಾ ಅಂತ ಮೊದಲು ನೋಡುತ್ತಾರೆ. ದೇಶದ ಲೈಸೆನ್ಸುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಒಬ್ಬೊಬ್ಬರಿಗೂ ಕೊಟ್ಟ ನಂಬರು ಅದು. ಆಮೇಲೆ ಅವಧಿ. ಮುಂಚೆ ಮೂರು ವರ್ಷಕ್ಕೊಮ್ಮೆ ನವೀಕರಣ ಇತ್ತು, 2019ರ ತಿದ್ದುಪಡಿಯ ನಂತರ ಐದು ವರ್ಷ. ಆಮೇಲೆ ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನುವ ಕಾಲಂ. ಹಿಂದೆ ಕೊಂಡಿದ್ದನ್ನು ಕೂಡಿಸುತ್ತಾರೆ, ಉಳಿದಿದ್ದನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಎಲ್ಲ ಸರಿ ಅನ್ನಿಸಿದ ಮೇಲೆಯೇ ರಿಜಿಸ್ಟರು ತೆಗೆಯುವುದು. ದಿನಸಿ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ ಕೊಟ್ಟ ಹಾಗೆ ಕೈಗಿತ್ತು ಕಳಿಸುವ ಸಾಮಾನಲ್ಲ ಇದು, ಅದು ಅವರಿಗೆ ಗೊತ್ತು.

ಒಂದು ಸಲ ಅದೃಷ್ಟಕ್ಕೆ ನಾಲ್ಕು ನಂಬರು ಇತ್ತು. ಒಂದನ್ನು ಡಬ್ಬಿಯಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು. ಹಿತ್ತಾಳೆ ಬಣ್ಣದ ತಳ, ಅದರ ಮೇಲೆ ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ಹೂವಿನ ಹಾಗೆ ಮಡಿಚಿದ ಬಾಯಿ. ತಳದ ನಡುವೆ ಮದ್ದಿಗೆ ಕಿಡಿ ಕೊಡುವ ಕೇಪು, ಸುತ್ತ ಒತ್ತಿದ ಅಕ್ಷರ: ಕೆಎಫ್. ಖಡ್ಕಿಯನ್ನು ಬ್ರಿಟಿಷರು ಕಿರ್ಕೀ ಅನ್ನುತ್ತಿದ್ದರು, ಆ ಕಿರ್ಕೀ ಫ್ಯಾಕ್ಟರಿಯ ಗುರುತು. "ಬಾಯಿ ಮಡಿಕೆ ಬಿಚ್ಚಿಕೊಂಡಿದ್ದರೆ ತಗೋಬೇಡಿ. ಕೊಳವೆ ಉಬ್ಬಿದ್ದರೆ ತಗೋಬೇಡಿ. ತಳದಲ್ಲಿ ಹಸಿರು ಕಿಲುಬು ಕಂಡರೆ ನನಗೇ ವಾಪಸು ಕೊಡಿ" ಅಂದರು. ಮನೆಯಲ್ಲಿ ಎಲ್ಲಿ ಇಡುತ್ತೀರಿ ಅಂತ ಕೇಳಿದರು. ಮಾವಯ್ಯನ ಕಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು ಅಂದೆ. ತಲೆ ಚಚ್ಚಿಕೊಂಡರು. ಆಗ ಕಾಗದದ ತೋಟಾ, ನಮ್ಮ ಕಡೆಯ ಮಳೆಗೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೆ ಹೊಗೆ ಅಟ್ಟದ ಉಪಾಯ. ಆದರೆ ಬಿಸಿಗೆ ಮದ್ದು ಕೆಡುತ್ತದೆ, ಒಲೆ ಹತ್ತಿರ ಮದ್ದು ಅನ್ನುವ ಯೋಚನೆಯೇ ಕೆಟ್ಟದು. ಗಾಳಿ ಆಡದ ಡಬ್ಬಿ, ಒಳಗೆ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ, ಕೋವಿ ಬೇರೆ, ತೋಟಾ ಬೇರೆ, ಎರಡಕ್ಕೂ ಬೀಗ. ಇಷ್ಟು ಪಾಠ ಪುಕ್ಕಟೆ. ಬೆಲೆಯೇನೂ ಕಮ್ಮಿ ಅಲ್ಲ ಬಿಡಿ. ಒಂದು ತೋಟಾದ ದುಡ್ಡಲ್ಲಿ ಮನೆಗೆ ಎರಡು ಲೀಟರ್ ಹಾಲು ಬರುತ್ತದೆ. ಮಂಗ ಓಡಿಸುವ ಖರ್ಚು ಅಡಿಕೆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ.

ಅದಾದ ಮೇಲೆ ಯಾವಾಗ ಹೋದರೂ, "ಇಲ್ಲ ಅಮ್ಮಾ, ಬಂದಿಲ್ಲ." ಯಾಕೆ ಅಂದರೆ, "ಯುದ್ಧ."

ಯುದ್ಧದ ಮಾತು ಪೂರ್ತಿ ಸುಳ್ಳಲ್ಲ. ನನ್ನ ತಂಗಿ ಮಗ ಟೆಕ್ಸಾಸಿನಲ್ಲಿದ್ದಾನೆ. ಅವನ ಕಡೆ ಕೋವಿ, ತೋಟಾ ಎಲ್ಲ ದೊಡ್ಡ ಅಂಗಡಿಗಳ ರ‍್ಯಾಕಿನಲ್ಲೇ ಇರುತ್ತವೆ. ಅಂಥ ದೇಶದಲ್ಲೂ ತೀರಾ ಸಾಮಾನ್ಯ ಗುಂಡಿಗೇ ಬರ ಬಂದಿತ್ತು ಅಂದಾಗ ನಂಬಲಿಲ್ಲ, ಆಮೇಲೆ ಓದಿ ನೋಡಿದೆ. 2012ರ ಡಿಸೆಂಬರಿನಲ್ಲಿ ಅಲ್ಲಿ ಒಂದು ಶಾಲೆಯಲ್ಲಿ ಮಕ್ಕಳನ್ನು ಗುಂಡಿಟ್ಟು ಕೊಂದರಲ್ಲ, ಅದರ ಬೆನ್ನಿಗೆ ಕಾನೂನು ಬಿಗಿ ಆಗುತ್ತದೆ ಅಂತ ಜನ ಹೆದರಿ ಕಂಡಿದ್ದೆಲ್ಲ ಕೊಂಡರು. ಅದರಲ್ಲಿ ಪಾಯಿಂಟ್ ಟೂ ಟೂ ಅನ್ನುವ ಗುಂಡೂ ಮಾಯ ಆಯಿತು. ಅತಿ ಸಣ್ಣದು, ಅತಿ ಅಗ್ಗದ್ದು, ಹುಡುಗರು ಡಬ್ಬಿಗೆ ಹೊಡೆದು ಕಲಿಯುವ ಗುಂಡು. ಅಗ್ಗ ಅಂತಲೇ ಜನ ಪೆಟ್ಟಿಗೆಗಟ್ಟಲೆ ಹೊತ್ತುಕೊಂಡು ಹೋದರು. ವರ್ಷಗಟ್ಟಲೆ ಅದು ಸರಿಯಾಗಿ ಸಿಗಲಿಲ್ಲ. 2020ರಲ್ಲಿ ಕೋವಿಡ್ ಬಂತು, ಮತ್ತೆ ಅದೇ ನೂಕುನುಗ್ಗಲು. ಆ ವರ್ಷ ಅಲ್ಲಿ ಕೋವಿಗೆ ಸಂಬಂಧಿಸಿದ ಹಿನ್ನೆಲೆ ತಪಾಸಣೆಗಳೇ 3.9 ಕೋಟಿ ದಾಟಿದವು. ಅದೇ ವರ್ಷದ ಜುಲೈನಲ್ಲಿ ಕೋವಿ, ತೋಟಾ ಮಾಡುವ ರೆಮಿಂಗ್ಟನ್ ಅನ್ನುವ ಹಳೆಯ ಕಂಪನಿ ದಿವಾಳಿ ಅರ್ಜಿ ಹಾಕಿತು. ಬೇಡಿಕೆ ಆಕಾಶದಲ್ಲಿ, ಕಾರ್ಖಾನೆ ಕೋರ್ಟಿನಲ್ಲಿ.

ಬೇಡಿಕೆ ಇದ್ದರೆ ಇನ್ನಷ್ಟು ಮಿಷನ್ ಹಾಕಬಾರದಾ ಅಂತ ನಾನೂ ಕೇಳಿದೆ. ತೋಟಾಕ್ಕೆ ಐದು ಭಾಗ: ಕೊಳವೆ, ಕೇಪು, ಮದ್ದು, ಮದ್ದಿಗೂ ಚರೆಗೂ ನಡುವಿನ ವ್ಯಾಡು ಅನ್ನುವ ಬಿಲ್ಲೆ, ಚರೆ. ಐದರಲ್ಲಿ ಒಂದು ಇಲ್ಲದಿದ್ದರೂ ನಾಲ್ಕು ಸುಮ್ನೆ ಕೂತಿರಬೇಕು. ಕೇಪು ಮಾಡುವುದು ಅಪಾಯದ ಕೆಲಸ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕ, ಮಾಡುವ ಕಾರ್ಖಾನೆಗಳೇ ಕೆಲವು. ಹೊಸದು ಕಟ್ಟುವುದಕ್ಕೆ ವರ್ಷಗಳು ಬೇಕು. ಅಷ್ಟರಲ್ಲಿ ಜನರ ಭಯ ಇಳಿದು ಮನೆಯಲ್ಲಿ ತುಂಬಿಟ್ಟಿದ್ದೇ ಸಾಕು ಅಂದರೆ ಹಾಕಿದ ಬಂಡವಾಳ ಮುಳುಗಿತು. ಹಾಗಾಗಿ ಕಂಪನಿಗಳು ಇರುವ ಮಿಷನ್ನನ್ನೇ ಹಗಲು ರಾತ್ರಿ ಓಡಿಸುತ್ತವೆ, ಹೊಸದಕ್ಕೆ ಕೈ ಹಾಕುವುದಿಲ್ಲ. ಶುಂಠಿ ರೇಟು ಏರಿದ ವರ್ಷ ಎಲ್ಲರೂ ಗದ್ದೆ ಅಗೆದು, ಮಾರನೇ ವರ್ಷ ಬಾಯಿ ಬಡಿದುಕೊಂಡಿದ್ದು ಕಂಡ ನನಗೆ ಆ ಕಂಪನಿಗಳದ್ದು ದಡ್ಡತನ ಅಂತ ಅನ್ನಿಸುವುದಿಲ್ಲ.

ಮದ್ದಿನ ಕಥೆ 2022ರ ನಂತರ ಬಿಗಡಾಯಿಸಿತು. ಈಗಿನ ಹೊಗೆ ಇಲ್ಲದ ಮದ್ದಿಗೆ ಮೂಲ ನೈಟ್ರೋಸೆಲ್ಯುಲೋಸ್. ಅದು ಹೆಚ್ಚಾಗಿ ಹತ್ತಿಯಿಂದ ಬರುತ್ತದೆ, ಬೀಜಕ್ಕೆ ಅಂಟಿಕೊಂಡು ಉಳಿಯುವ ಕಿರುನಾರಿನಿಂದ. ನನ್ನ ತೋಟಾಕ್ಕೆ ಮದ್ದು ಎರಡು ಗ್ರಾಮಿನ ಒಳಗೇ ಸಾಕು. 155 ಮಿಲಿಮೀಟರಿನ ಫಿರಂಗಿಯಿಂದ ಒಂದು ಶೆಲ್ ಹಾರಿಸಲು ಕಿಲೋಗಟ್ಟಲೆ ಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೆ ಎಲ್ಲ ದೇಶಗಳೂ ಅದರ ಹಿಂದೆ ಬಿದ್ದವು. ಒಂದು ವರ್ಷದೊಳಗೆ 10 ಲಕ್ಷ ಶೆಲ್ ಕೊಡುತ್ತೇವೆ ಅಂತ ಯುರೋಪಿನ ಒಕ್ಕೂಟ 2023ರ ಮಾರ್ಚಿನಲ್ಲಿ ಮಾತು ಕೊಟ್ಟಿತು. ಗಡುವು ಮುಗಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗಿತ್ತು ಅಷ್ಟೇ. ಆ ಕಿರುನಾರಿಗೆ ಯುರೋಪು ಹೆಚ್ಚಾಗಿ ಚೀನಾವನ್ನೇ ನೆಚ್ಚಿಕೊಂಡಿತ್ತು ಅನ್ನುವುದೂ ಆಗಲೇ ಹೊರಬಿತ್ತು. ತೋಟಾ, ಗುಂಡು ಮಾಡುವ ಅಮೆರಿಕದ ವಿಸ್ಟಾ ಅನ್ನುವ ದೊಡ್ಡ ಕಂಪನಿ 2023ರ ಕೊನೆಯಲ್ಲಿ ಜಗತ್ತಿನಲ್ಲೇ ಮದ್ದಿಗೆ ಕೊರತೆ ಇದೆ, ಜನವರಿಯಿಂದ ರೇಟು ಏರುತ್ತದೆ ಅಂತ ವ್ಯಾಪಾರಿಗಳಿಗೆ ಕಾಗದ ಬರೆಯಿತು.

ಇಷ್ಟೆಲ್ಲ ಸರಿ ಸಾಹೇಬ್ರೇ, ಆದರೆ ಯುದ್ಧಕ್ಕೂ ಮುಂಚೆ ನಿಮ್ಮ ಅಂಗಡಿಯಲ್ಲಿ ನಾಲ್ಕು ನಂಬರು ತುಂಬಿ ತುಳುಕುತ್ತಿತ್ತಾ ಅಂತ ಕೇಳಿದೆ. ನಕ್ಕರು. ಮಾವಯ್ಯ ಕೊಳ್ಳುವಾಗಲೂ ಇದೇ ಹಾಡು, ಆಗ ಹೇಳಿದ ಕಾರಣ ಬೇರೆ ಅಷ್ಟೇ. ನಮ್ಮ ಬರಕ್ಕೆ ಉಕ್ರೇನು ನೆಪ. ಬೇರು ಇಲ್ಲೇ ಇದೆ.

ನಮ್ಮ ಕಡೆಯ ಅಂಗಡಿಗಳಿಗೆ ಬರುವುದು ಸರ್ಕಾರಿ ಕಾರ್ಖಾನೆಯ ತೋಟಾ, ಪುಣೆ ಹತ್ತಿರದ ಖಡ್ಕಿಯಿಂದ. ಆ ಕಾರ್ಖಾನೆ ಶುರುವಾಗಿದ್ದು 1869ರಲ್ಲಿ. 2021ರ ಅಕ್ಟೋಬರ್ 1ರಂದು ದೇಶದ 41 ಆರ್ಡನೆನ್ಸ್ ಕಾರ್ಖಾನೆಗಳನ್ನು ಏಳು ಸರ್ಕಾರಿ ಕಂಪನಿಗಳಾಗಿ ಹಂಚಿದರು, ಇದು ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಬಂತು. ಬೋರ್ಡು ಬದಲಾಯಿತು, ಸರದಿ ಬದಲಾಗಲಿಲ್ಲ. ಅಲ್ಲಿ ಸೈನ್ಯಕ್ಕೂ ಮದ್ದುಗುಂಡು ಆಗಬೇಕು, ಸೈನ್ಯದ ಕೆಲಸ ಮೊದಲು. ಗಡಿ ಕಾಯುವವರನ್ನು ಬಿಟ್ಟು ಮಂಗ ಓಡಿಸುವವಳಿಗೆ ಮೊದಲು ಕೊಡಿ ಅನ್ನುವ ಬಾಯಿ ನನಗಂತೂ ಇಲ್ಲ. ಖಾಸಗಿಯವರೂ ಬಂದಿದ್ದಾರೆ. 2024ರ ಫೆಬ್ರುವರಿಯಲ್ಲಿ ಕಾನ್ಪುರದಲ್ಲಿ ಅದಾನಿಯವರ ದೊಡ್ಡ ಮದ್ದುಗುಂಡು ಕಾರ್ಖಾನೆ ಶುರುವಾಯಿತು. ಅವರ ಕಣ್ಣೂ ಸೈನ್ಯ, ಪೊಲೀಸು, ರಫ್ತಿನ ಮೇಲೆ. ಅಡಿಕೆ ತೋಟದವರ ನಾಲ್ಕು ನಂಬರಿಗಾಗಿ ಯಾರೂ ಕಾರ್ಖಾನೆ ಕಟ್ಟುವುದಿಲ್ಲ.

ಹೊರದೇಶದ ತೋಟಾ ತರಿಸಬಹುದಲ್ವಾ ಅನ್ನುವವರಿದ್ದಾರೆ. ಒಲಿಂಪಿಕ್ಸ್ ಥರದ ತಟ್ಟೆ ಹೊಡೆಯುವ ಆಟಕ್ಕೆ ಬರುತ್ತದೆ, ಆಟಗಾರರ ಸಂಸ್ಥೆಯ ಮೂಲಕ. ಆ ತೋಟಾದಲ್ಲಿ ಚರೆ 24.5 ಗ್ರಾಂ ಮೀರುವ ಹಾಗಿಲ್ಲ. ಶಬ್ದಕ್ಕೆ ಅದೂ ಆದೀತು, ಆದರೆ ಅದು ಆಟಗಾರರ ಲೆಕ್ಕದ್ದು, ನಮ್ಮ ಕೈಗೆ ಬರುವುದಲ್ಲ.

ಇನ್ನು ಅಂಗಡಿಯವರ ಕಷ್ಟ. ಅವರ ಲೈಸೆನ್ಸಿನಲ್ಲೂ ಎಷ್ಟು ದಾಸ್ತಾನು ಇಡಬಹುದು ಅಂತ ಮಿತಿ ಇದೆ. ಸಾಗಿಸುವುದಕ್ಕೂ ಕಾಗದ ಪತ್ರ ಬೇಕು, ನಂದಿನಿ ಹಾಲಿನ ಗಾಡಿಯಲ್ಲಿ ಹಾಕಿ ಕಳಿಸುವ ಹಾಗಿಲ್ಲ. "ಲಾಭ ಇರೋದು ಕೋವಿಯಲ್ಲಿ ಅಮ್ಮಾ. ಹೊಸ ಲೈಸೆನ್ಸೇ ಆಗ್ತಿಲ್ಲ, ಕೋವಿ ಯಾರು ತಗೋತಾರೆ? ತೋಟಾದಲ್ಲಿ ಉಳಿಯೋದು ಅಂಗಡಿ ಕರೆಂಟ್ ಬಿಲ್ಲಿಗೆ" ಅಂತ ಅವರ ಗೋಳು. ಅದರಲ್ಲಿ ಸ್ವಲ್ಪ ವ್ಯಾಪಾರಿಯ ಅಳು ಇದೆ. ಸುಳ್ಳಂತೂ ಅಲ್ಲ. ಒಬ್ಬರಿಗೆ ಮೂರು ಕೋವಿ ಇದ್ದಿದ್ದನ್ನು 2019ರಲ್ಲಿ ಎರಡಕ್ಕೆ ಇಳಿಸಿದರು. ಹಳಬರ ಮಕ್ಕಳು ಬೆಂಗಳೂರು ಸೇರಿದ್ದಾರೆ, ಯಾರೂ ಹೆಸರು ವರ್ಗ ಮಾಡಿಸಿಕೊಳ್ಳುತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ನಾವೇ, ಗಿರಾಕಿಗಳು. ಎಲ್ಲರಿಗೂ ಒಂದೇ ನಂಬರು ಬೇಕು, ಒಂದೇ ತಿಂಗಳಲ್ಲಿ ಬೇಕು. ಹಲಸು ಮುಗಿದು ಮಂಗ ತೋಟಕ್ಕೆ ಬಂದಾಗ ನನಗೆ ಬೇಕು, ಪಕ್ಕದ ಊರಿನವರಿಗೂ ಬೇಕು, ಸಾಗರ, ಹೊಸನಗರದವರಿಗೂ ಬೇಕು. ಗದ್ದೆಯಲ್ಲಿ ತೆನೆ ಬಂದಾಗ ಹಂದಿಯ ಸರದಿ, ಆಗ ಇನ್ನೊಂದು ನೂಕುನುಗ್ಗಲು. ಮಾಲು ಬಂದಿದೆ ಅಂತ ಒಬ್ಬರು ಫೋನು ಮಾಡಿದರೆ ಸಂಜೆಯೊಳಗೆ ಖಾಲಿ. ಬೇಕಾದವರೂ ಒಯ್ಯುತ್ತಾರೆ, ಬೇಡದವರೂ ಒಯ್ಯುತ್ತಾರೆ. ಮುಂದೆ ಸಿಗುತ್ತೋ ಇಲ್ಲವೋ ಅಂತ ಪುಸ್ತಕದ ಮಿತಿ ಮುಟ್ಟುವ ತನಕ ಕೊಂಡು ಕಪಾಟಿನಲ್ಲಿ ಇಡುತ್ತಾರೆ. ಟೆಕ್ಸಾಸಿನವರು ಪಾಯಿಂಟ್ ಟೂ ಟೂಗೆ ಮಾಡಿದ್ದೂ ಇದೇ. ಯಾರಿಗೂ ಬೇಡದ ನಂಬರು ಬೀರುವಿನಲ್ಲಿ ಆರಾಮಾಗಿ ಕೂತಿರುತ್ತದೆ. ಸಾಮಾನ್ಯ ತೋಟಾ ಸಾಮಾನ್ಯ ಆಗಿರುವುದರಿಂದಲೇ ಸಿಗುವುದಿಲ್ಲ.

ಇದರ ಮೇಲೆ ಚುನಾವಣೆ. ನೀತಿಸಂಹಿತೆ ಬಂದ ಕೂಡಲೇ ಕೋವಿ ಸ್ಟೇಷನ್ನಿಗೆ ಒಪ್ಪಿಸಿ ಅಂತ ನೋಟಿಸು. 2023ರ ವಿಧಾನಸಭೆ ಚುನಾವಣೆ ಮೇ 10ಕ್ಕೆ, 2024ರ ಲೋಕಸಭೆಗೆ ನಮ್ಮ ಕ್ಷೇತ್ರದ ಮತದಾನ ಮೇ 7ಕ್ಕೆ. ಎರಡು ವರ್ಷವೂ ಬೇಸಿಗೆಯಲ್ಲೇ, ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳೆಲ್ಲ ತೋಟಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ. 2024ರಲ್ಲಿ ಮಾರ್ಚ್ ಮಧ್ಯದಿಂದ ಜೂನ್ ಮೊದಲ ವಾರದ ತನಕ ನೀತಿಸಂಹಿತೆ. ಮಂಗಗಳಿಗೆ ಅದು ಅನ್ವಯ ಆಗುವುದಿಲ್ಲ. ಎಲ್ಲರ ಕೋವಿಯೂ ಒಟ್ಟಿಗೆ ಮನೆಗೆ ಬರುತ್ತದೆ, ಮಳೆಗೆ ಮುಂಚೆ ಎಲ್ಲರೂ ಒಟ್ಟಿಗೆ ಅಂಗಡಿಗೆ ಓಡುತ್ತಾರೆ. ಮೂರು ತಿಂಗಳು ವ್ಯಾಪಾರ ಇಲ್ಲದ ಸಾಹೇಬರು ಮಾಲು ತರಿಸಿರುವುದಿಲ್ಲ. ಕೊಡಗಿನ ನಮ್ಮ ನೆಂಟರಿಗೆ ಲೈಸೆನ್ಸ್ ತಾಪತ್ರಯವೇ ಇಲ್ಲ, ಅವರ ವಿನಾಯಿತಿ 2029ರ ಅಕ್ಟೋಬರ್ ತನಕ ಇದೆ. ಕೋವಿ ಇದ್ದ ಮಾತ್ರಕ್ಕೆ ತೋಟಾ ಸಿಗುತ್ತಾ ಅಂತ ಕೇಳಿ ನೋಡಿ, ಅವರೂ ಸಾಹೇಬರ ಮಾತನ್ನೇ ಹೇಳುತ್ತಾರೆ.

ಈಗ ನನ್ನ ದೂರು. ಒಂದು, ನಾಲ್ಕು ನಂಬರು ಕೇಳಿದರೆ ಜೊತೆಗೆ ಎಲ್‌ಜಿಯೂ ಸ್ವಲ್ಪ ತಗೊಳ್ಳಿ ಅನ್ನುತ್ತಾರೆ. ಒತ್ತಾಯ ಇಲ್ಲ, ಆದರೆ ಮುಖ ನೋಡಿದರೆ ಇಲ್ಲ ಅನ್ನುವುದು ಕಷ್ಟ. ಹೋಗದ ಮಾಲನ್ನು ಹೋಗುವ ಮಾಲಿಗೆ ಗಂಟು ಹಾಕುವುದು ಗೊಬ್ಬರದ ಅಂಗಡಿಯವರ ಚಾಳಿ, ಇವರೂ ಕಲಿಯಬಾರದಿತ್ತು. ನಾನು ಬೇಡ ಅಂದೆ, ಬೇಜಾರು ಮಾಡಿಕೊಳ್ಳಲಿಲ್ಲ ಅನ್ನಿ. ಎರಡು, ಫೋನು ಎತ್ತುವುದಿಲ್ಲ. ಬಸ್ಸಿನಲ್ಲಿ ಮಂಡಗದ್ದೆ ದಾಟಿ, ಗಾಜನೂರು ದಾಟಿ ಬಂದು "ಇಲ್ಲ" ಅನ್ನಿಸಿಕೊಳ್ಳುವುದಕ್ಕೆ ಒಂದು ದಿನದ ಕೆಲಸ ಹಾಳು. ಮೂರು, ಅವರ ಹತ್ತಿರ ಹೆಸರು ಬರೆದುಕೊಳ್ಳುವ ಪುಸ್ತಕ ಒಂದಿದೆ, ಮಾಲು ಬಂದರೆ ಸರದಿ ಪ್ರಕಾರ ಕರೆಯುತ್ತಾರಂತೆ. ಆದರೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವ ಹಳೆಯ ದೋಸ್ತಿಗಳ ಹೆಸರು ಪುಸ್ತಕದಲ್ಲಿ ಹೇಗೋ ಮೇಲಕ್ಕೆ ಹತ್ತುತ್ತದೆ.

ತೋಟಾ ಇಲ್ಲದಾಗ ಜನ ಏನೇನೋ ಮಾಡುತ್ತಾರೆ. ಗರ್ನಾಲು ಹೊಡೆದರೆ ಮಂಗ ನಾಲ್ಕು ದಿನಕ್ಕೆ ಪಳಗುತ್ತದೆ. ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವ ಗನ್ನು ಸಂತೆಯಲ್ಲೂ ಬಂದಿದೆ. ದಯವಿಟ್ಟು ಮುಟ್ಟಬೇಡಿ. 2025ರ ದೀಪಾವಳಿಯಲ್ಲಿ ಭೋಪಾಲ ಕಡೆ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಖಾಲಿ ತೋಟಾಕ್ಕೆ ಮದ್ದು ತುಂಬಿಕೊಡುವವರು ಇದ್ದಾರೆ ಅಂತ ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ನಳಿಗೆ ಸೀಳಿದರೆ ಹೋಗುವುದು ನಿಮ್ಮ ಕೈ, ಸಿಕ್ಕಿಬಿದ್ದರೆ ಹೋಗುವುದು ಲೈಸೆನ್ಸು. ಸಾಹೇಬರ ಹತ್ತಿರ ಈ ಮಾತು ಎತ್ತಿದ ಒಬ್ಬರನ್ನು ಅವರು ಹೊರಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಗಡಿಗೆ ನಾನು ಕೊಡುವ ಮಾರ್ಕಿನಲ್ಲಿ ಅರ್ಧ ಅದಕ್ಕೇ.

ಐದಕ್ಕೆ ನಾಲ್ಕು. ತೋಟಾ ಇಲ್ಲದ್ದಕ್ಕೆ ಕಳೆದಿಲ್ಲ, ಫೋನು ಎತ್ತದ್ದಕ್ಕೆ ಒಂದು ಕಳೆದಿದ್ದೇನೆ.

ಹೋಗುವವರಿಗೆ: ಲೈಸೆನ್ಸಿನ ಅಸಲು ಪುಸ್ತಕವೇ ಬೇಕು, ಮೊಬೈಲಿನ ಫೋಟೋ ನಡೆಯುವುದಿಲ್ಲ. ಲೈಸೆನ್ಸುದಾರರೇ ಹೋಗಬೇಕು, ಮಗನನ್ನೋ ಆಳನ್ನೋ ಕಳಿಸಿದರೆ ಬರೀ ಕೈಯಲ್ಲಿ ವಾಪಸು. ಭಾನುವಾರ ಬೀಗ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಹೋಗಿ. ಹೆಸರು ಬರೆಸುವುದಾದರೆ ಹಲಸು ಹಣ್ಣಾಗುವ ಮುಂಚೆ ಬರೆಸಿ, ಬೇಕಾದಷ್ಟೇ ಬರೆಸಿ. ನನ್ನ ಹೆಸರು ಆಗಲೇ ಪುಸ್ತಕದಲ್ಲಿದೆ, ನಾಲ್ಕು ನಂಬರಿಗೆ. ನಡುವೆ ನುಗ್ಗಬೇಡಿ. ಕುರ್ಚಿಯ ಮೇಲಿನ ಬೆಕ್ಕನ್ನೂ ಎಬ್ಬಿಸಬೇಡಿ.